ಟ್ಯೂಷನ್ ಜಗುಲಿ, ಭಾಗ 6: ಕಾಗದದ ಹೆಲಿಕಾಪ್ಟರ್

"ಬಿಕಾಂ ಓದೋಳು ವಿಜ್ಞಾನ ಏನ್ ಹೇಳ್ಕೊಡ್ತೀಯೇ?" ಅಂತ ಕ್ಲಾಸ್‌ನಲ್ಲಿ ರೇಗಿಸ್ತೀರಲ್ಲ, ಇದು ನಿಮಗೇ.

ಸಂಜೆ ನಮ್ಮ ಜಗುಲಿಗೆ ಆರು ಮಕ್ಕಳು ಬರ್ತಾರೆ. "ಬಲ ಎಂದರೇನು?" ಅಂದ್ರೆ ಸಾಕು, "ತಳ್ಳುವಿಕೆ ಅಥವಾ ಎಳೆತ" ಅಂತ ಒಂದೇ ಉಸಿರಲ್ಲಿ ಒಪ್ಪಿಸ್ತಾರೆ. ಯಾರು ಯಾರನ್ನ ತಳ್ಳಿದ್ದು ಅಂತ ಕೇಳಿದ್ರೆ ಎಲ್ಲರೂ ಗಪ್‌ಚುಪ್.

ಅದಕ್ಕೇ ಹೆಲಿಕಾಪ್ಟರ್ ಮಾಡಿಸಿದೆ. ಹಳೇ ನೋಟ್‌ಬುಕ್ ಹಾಳೆಯಲ್ಲಿ 18 ಸೆಂ.ಮೀ. ಉದ್ದ, 6 ಸೆಂ.ಮೀ. ಅಗಲದ ಪಟ್ಟಿ. ಮೇಲಿಂದ ಮಧ್ಯಕ್ಕೆ 8 ಸೆಂ.ಮೀ. ಸೀಳಿದರೆ ಎರಡು ರೆಕ್ಕೆ. ಸೀಳು ನಿಂತಲ್ಲಿಂದ 1 ಸೆಂ.ಮೀ. ಕೆಳಗೆ, ಎರಡೂ ಬದಿಯಿಂದ 2 ಸೆಂ.ಮೀ. ಒಳಕ್ಕೆ ಕತ್ತರಿಸಿ, ಕೆಳಭಾಗವನ್ನು ಒಳಗೆ ಮಡಚಿ, ತುದಿಗೆ ಒಂದು ಜೆಮ್ ಕ್ಲಿಪ್. ಒಂದು ರೆಕ್ಕೆ ನಮ್ಮ ಕಡೆ, ಇನ್ನೊಂದು ಆಚೆ ಕಡೆ ಬಗ್ಗಿಸಿ ಎತ್ತರದಿಂದ ಬಿಟ್ಟರೆ ಗಿರಗಿರ ಇಳಿಯುತ್ತೆ.

ನಿಯಮ ಎರಡೇ: ಒಂದು ಸಲಕ್ಕೆ ಒಂದೇ ಬದಲಾವಣೆ, ಏನಾಗುತ್ತೆ ಅಂತ ಬಿಡೋ ಮುಂಚೆಯೇ ಹೇಳಬೇಕು. ಇನ್ನೊಂದು ಕ್ಲಿಪ್ ಹಾಕಿದ್ರು, ಬೇಗ ಇಳಿಯಿತು. ರೆಕ್ಕೆ ಮೋಟು ಮಾಡಿದ್ರು, ಇನ್ನೂ ಬೇಗ.

ಆರು ತಿಂಗಳಿಂದ ಬಾಯಿ ಬಿಡದೆ ಕೂರ್ತಿದ್ದ ಏಳನೇ ಕ್ಲಾಸಿನ ಹುಡುಗಿ ರೆಕ್ಕೆಗಳನ್ನು ಅದಲು ಬದಲು ಬಗ್ಗಿಸಿ, "ಅಕ್ಕಾ, ಈಗ ಉಲ್ಟಾ ತಿರುಗುತ್ತೆ" ಅಂದಳು. ಉಲ್ಟಾನೇ ತಿರುಗಿತು! ಆಮೇಲೆ ಮೆಲ್ಲಗೆ, "ಯಾಕಕ್ಕಾ?" ಅವಳು ಕೇಳಿದ ಮೊದಲ ಪ್ರಶ್ನೆ ಅದು.

ಬೀಳೋ ಕಾಗದವನ್ನು ಗಾಳಿ ಕೆಳಗಿಂದ ತಳ್ಳುತ್ತೆ. ರೆಕ್ಕೆ ಓರೆ ಇರೋದರಿಂದ ಆ ತಳ್ಳುವಿಕೆಯ ಒಂದು ಪಾಲು ಪಕ್ಕಕ್ಕೆ. ಒಂದು ರೆಕ್ಕೆಗೆ ಒಂದು ದಿಕ್ಕು, ಇನ್ನೊಂದಕ್ಕೆ ಎದುರು ದಿಕ್ಕು. ನಲ್ಲಿ ತಿರುಗಿಸುವಾಗ ಬೆರಳು, ಹೆಬ್ಬೆರಳು ಮಾಡೋದೂ ಇದನ್ನೇ.

ಅಷ್ಟರಲ್ಲಿ ಅವಳಮ್ಮ ಬಂದರು. "ಪೇಪರ್ ಕತ್ತರಿಸೋಕಾ ಟ್ಯೂಷನ್‌ಗೆ ಕಳ್ಸೋದು? ಪರೀಕ್ಷೇಲಿ ಇದು ಬರುತ್ತಾ?" ಅವರ ಮಾತಲ್ಲೂ ನ್ಯಾಯ ಇದೆ; ಹೊಲಿಗೆ ಮಷಿನ್ ತುಳಿದು ಕಟ್ಟೋ ಫೀಸು ಅದು. ನಾನು ಬಾಯಿ ತೆರೆಯೋ ಮುಂಚೆ ಮಗಳೇ ಹೆಲಿಕಾಪ್ಟರ್ ಹಿಡಿದು, ಗಾಳಿ ಎಲ್ಲೆಲ್ಲಿ ತಳ್ಳುತ್ತೆ ಅಂತ ಅಮ್ಮನಿಗೆ ತೋರಿಸಿದಳು. ಪುಸ್ತಕದ ಭಾಷೆಯಲ್ಲಿ ಹೇಳಲಿಲ್ಲ. ಆದರೆ ಒಂದಕ್ಷರ ತಪ್ಪಿರಲಿಲ್ಲ. ಅಮ್ಮ ಕುರ್ಚಿ ಎಳೆದುಕೊಂಡು ಕೂತರು.

ಅರವಿಂದ ಗುಪ್ತ ಅಂತ ಒಬ್ಬರಿದ್ದಾರೆ. ಐಐಟಿ ಕಾನ್ಪುರದಲ್ಲಿ ಓದಿ, ಕಸಕ್ಕೆ ಹೋಗೋ ವಸ್ತುಗಳಿಂದ ವಿಜ್ಞಾನದ ಆಟಿಕೆ ಮಾಡೋದನ್ನೇ ಬದುಕು ಮಾಡಿಕೊಂಡವರು. 2018ರಲ್ಲಿ ಪದ್ಮಶ್ರೀ ಬಂತು. ಅವರ ಆಟಿಕೆಗಳನ್ನು ನೋಡಿಯೇ ನನಗೆ ಧೈರ್ಯ ಬಂದಿದ್ದು.

ಸೇವ್ ಮಾಡ್ಕೊಳ್ಳಿ. ಈ ಭಾನುವಾರ ಪಕ್ಕದ ಮನೆ ಮಗು ಜೊತೆ ಒಂದು ಮಾಡಿ. ಉತ್ತರ ಹೇಳೋ ಆತುರ ಮಾತ್ರ ಬೇಡ, "ಯಾಕೆ" ಅಂತ ಅದೇ ಕೇಳಲಿ.

ಭಾಗ 7: ಬುಗುರಿ.