ರೆಪ್ಪೆ ನೋಡಿದೆ, ದವಡೆ ನೋಡಲಿಲ್ಲ

ಅರಿವಳಿಕೆಯಲ್ಲಿ ಉಸಿರುದಾರಿ ತೆರೆದಿಡುವ ಲ್ಯಾರಿಂಜಿಯಲ್ ಮಾಸ್ಕ್ ಹಾಕಲು ಸ್ನಾಯು ಸಡಿಲಿಸುವ ಔಷಧಿ ಸಾಮಾನ್ಯವಾಗಿ ಬೇಕಿಲ್ಲ. ಲಂಡನ್ನಿನಲ್ಲಿ ಆರ್ಚಿ ಬ್ರೈನ್ 1981ರಲ್ಲಿ ಇದನ್ನು ರೂಪಿಸಿದಾಗಿನಿಂದಲೂ ಇದರ ಸೊಗಸು ಅದೇ: ಮಾಸ್ಕ್ ಗಂಟಲ ಹಿಂಭಾಗದಲ್ಲಿ ಕೂರುತ್ತದೆ, ರೋಗಿ ತಾನೇ ಉಸಿರಾಡುತ್ತಿರುತ್ತಾನೆ. ಆದರೆ ಆಗ ಕೆಮ್ಮು, ಹಲ್ಲುಕಚ್ಚುವಿಕೆ, ಧ್ವನಿಪೆಟ್ಟಿಗೆಯ ಬಿಗಿತ ಎಲ್ಲವನ್ನೂ ಅರಿವಳಿಕೆಯ ಆಳವೊಂದೇ ತಡೆಯಬೇಕು.

ಮುಂಗೈಯ ಸಣ್ಣ ಗಡ್ಡೆ ತೆಗೆಸಿಕೊಳ್ಳಲು ಬಂದಿದ್ದ ಗಟ್ಟಿಮುಟ್ಟಾದ ತರುಣ, ತೂಕ 60 ಕಿಲೋ. ಕಿಲೋಗೆ 2 ಮಿಲಿಗ್ರಾಂ ಲೆಕ್ಕದಲ್ಲಿ 120 ಮಿಲಿಗ್ರಾಂ ಅರಿವಳಿಕೆ ಔಷಧಿ ಪ್ರೊಪೊಫಾಲನ್ನು ನೋವುನಿವಾರಕ ಫೆಂಟನಿಲ್‌ನ ಬೆನ್ನಲ್ಲೇ ಕೊಟ್ಟೆ. ಹೆಸರು ಕರೆದರೆ ಉತ್ತರವಿಲ್ಲ. ರೆಪ್ಪೆಗೂದಲು ಸವರಿದರೆ ಕಣ್ಣು ಮಿಟುಕಲಿಲ್ಲ. ಸರ್ಜನ್ ಕೈತೊಳೆದು ನಿಂತಿದ್ದರು. ಬಾಯಿ ತೆರೆದು ಮಾಸ್ಕ್ ತೂರಿಸಿದೆ. ಅವನು ಹಲ್ಲು ಕಚ್ಚಿದ, ಕೆಮ್ಮಿದ. ಆಮೇಲೆ ಎದೆ ಸೆಳೆದುಕೊಳ್ಳುತ್ತಿದ್ದರೂ ಗಾಳಿ ಒಳಗೆ ಹೋಗಲಿಲ್ಲ. ಪಲ್ಸ್ ಆಕ್ಸಿಮೀಟರಿನ ಸ್ವರ ಇಳಿಯತೊಡಗಿತು. ಮಾಸ್ಕ್ ತೆಗೆದು, ಶುದ್ಧ ಆಮ್ಲಜನಕವನ್ನು ಒತ್ತಡದಲ್ಲಿ ಹಿಡಿದು, ಇನ್ನಷ್ಟು ಪ್ರೊಪೊಫಾಲ್ ಕೊಟ್ಟರೂ ಬಿಗಿತ ಬಿಡಲಿಲ್ಲ. ಕೊನೆಗೆ ಸ್ನಾಯು ಸಡಿಲಿಸಲು ಸ್ವಲ್ಪ ಸಕ್ಸಿನೈಲ್‌ಕೋಲಿನ್ ಕೊಟ್ಟ ಮೇಲೆಯೇ ಗಾಳಿ ಹೋಯಿತು. ಅವನಿಗೆ ಗಂಟಲು ನೋವಿನ ಹೊರತು ತೊಂದರೆ ಉಳಿಯಲಿಲ್ಲ. ನಡೆದದ್ದನ್ನು ಮರುದಿನ ಅವನಿಗೂ ಅವನ ಅಣ್ಣನಿಗೂ ಹೇಳಿದೆ.

"ದವಡೆ ಎತ್ತಿ ನೋಡಿದ್ಯೇನಪ್ಪಾ?" ಎಂದು ನಮ್ಮ ಹಿರಿಯ ಮೇಡಂ ಕೇಳಿದರು. ನೋಡಿರಲಿಲ್ಲ.

ಮಾತು ನಿಲ್ಲಲು, ರೆಪ್ಪೆ ಸುಮ್ಮನಾಗಲು ಸಾಕಾಗುವ ಪ್ರೊಪೊಫಾಲ್ ಗಂಟಲನ್ನು ಸುಮ್ಮನಾಗಿಸಲು ಸಾಲದು. ಕೆಳದವಡೆಯ ಎರಡೂ ಮೂಲೆ ಹಿಡಿದು ಗಟ್ಟಿಯಾಗಿ ಮುಂದಕ್ಕೆ ತಳ್ಳಿದಾಗ ಕೈಕಾಲು ಮಿಸುಕದಿದ್ದರೆ ಮಾತ್ರ ಮಾಸ್ಕಿಗೆ ಕೈ ಹಾಕಬಹುದು. ಸಮಯದ ಲೆಕ್ಕವನ್ನೂ ನಾನು ಮರೆತಿದ್ದೆ. ಫೆಂಟನಿಲ್ ಪೂರ್ತಿ ಪರಿಣಾಮ ತೋರಲು ಮೂರ್ನಾಲ್ಕು ನಿಮಿಷ ಬೇಕು. ಪ್ರೊಪೊಫಾಲ್ ಕೂಡ ರಕ್ತದಿಂದ ಮಿದುಳಿಗಿಳಿದು ಆಳವಾಗಲು ಒಂದೂವರೆ, ಎರಡು ನಿಮಿಷ ತೆಗೆದುಕೊಳ್ಳುತ್ತದೆ. ಸಿರಿಂಜಿನ ಮಿಲಿಗ್ರಾಂ ಸರಿಯಿತ್ತು, ಅದರ ಪರಿಣಾಮ ಗಂಟಲಿಗೆ ಇನ್ನೂ ಮುಟ್ಟಿರಲಿಲ್ಲ.

ಹಾಗಂತ ಬೇಗ ಆಳ ಸಿಗಲೆಂದು ಎಲ್ಲರಿಗೂ ಕಿಲೋಗೆ ಎರಡೂವರೆ ಮಿಲಿಗ್ರಾಂ ಸುರಿಯುವುದು ತಪ್ಪು. 75 ವರ್ಷದ ಅಜ್ಜಿಗೆ ಒಂದು, ಒಂದೂವರೆ ಸಾಕು. ಆ ವಯಸ್ಸಿನಲ್ಲಿ ಔಷಧಿ ನಿಧಾನವಾಗಿ ಏರುತ್ತದೆ, ಆತುರಪಟ್ಟು ಮತ್ತಷ್ಟು ಕೊಟ್ಟರೆ ರಕ್ತದೊತ್ತಡ ಕುಸಿಯುತ್ತದೆ. ಅಂಥವರಿಗೆ 20 ಮಿಲಿಗ್ರಾಂನಂತೆ ಕೊಟ್ಟು, ಕಾದು, ದವಡೆ ಎತ್ತಿ ನೋಡುತ್ತೇನೆ. ಸರ್ಜನ್ "ಶುರು ಮಾಡೋಣ್ವಾ ಡಾಕ್ಟ್ರೇ?" ಅಂದರೆ, "ಇನ್ನೊಂದು ನಿಮಿಷ ಸರ್" ಎನ್ನಲು ಈಗ ಸಂಕೋಚವಿಲ್ಲ.