ಹಾಡಿಗೆ ಎಷ್ಟು ಅಂಕ?

ಭಟ್ಕಳದಿಂದ ಉತ್ತರಕ್ಕೆ ಹೊರಟ ಬಸ್ಸು ಶಿರಾಲಿ, ಮುರ್ಡೇಶ್ವರ, ಮಂಕಿಗಳನ್ನು ಹಾದು ಶರಾವತಿ ದಾಟಿ ಹೊನ್ನಾವರ ಸೇರುತ್ತದೆ. ಅಲ್ಲಿಂದ ಕರ್ಕಿ, ಹಳದೀಪುರ, ಧಾರೇಶ್ವರದ ಮೇಲೆ ಕುಮಟಾ. ಒಟ್ಟು ಸುಮಾರು 60 ಕಿಲೋಮೀಟರಿನ ದಾರಿ. ಎಡಕ್ಕೆ ತೆಂಗಿನ ಮರಗಳ ನಡುವೆ ಆಗಾಗ ಇಣುಕುವ ಸಮುದ್ರ, ಬಲಕ್ಕೆ ಸಹ್ಯಾದ್ರಿಯ ಸಾಲು. ಬಸ್ಸಿನಲ್ಲಿ ಸುಮ್ಮನೆ ಕಿವಿಗೊಟ್ಟು ಕುಳಿತರೂ ಸಾಕು, ಪ್ರಯಾಣ ಬೇಸರವಾಗುವುದಿಲ್ಲ. ಮುಂದಿನ ಸೀಟಿನಲ್ಲಿ ನವಾಯತಿ, ಹಿಂದಿನ ಸೀಟಿನಲ್ಲಿ ಕೊಂಕಣಿ, ಬಾಗಿಲ ಬಳಿ ಹವ್ಯಕ ಕನ್ನಡ, ಮೀನಿನ ಬುಟ್ಟಿಯವರದು ಇನ್ನೊಂದು ಬಗೆಯ ಕನ್ನಡ. ಇಷ್ಟು ಸಣ್ಣ ಪಟ್ಟಿಯಲ್ಲಿ ಇಷ್ಟೊಂದು ಮಾತು. ಒಬ್ಬೊಬ್ಬರಿಗೂ ತಮ್ಮ ಮಾತಿನ ಹಾಡೇ ಇಂಪು.

ಮಳೆಗಾಲ ಮುಗಿದು ಗದ್ದೆ ಒಣಗಿದ ಮೇಲೆ ಈ ದಾರಿಯ ಗೋಡೆಗಳ ಮೇಲೆ ಯಕ್ಷಗಾನದ ಕರಪತ್ರಗಳು ಕಾಣಿಸಿಕೊಳ್ಳುತ್ತವೆ. ಅವುಗಳಲ್ಲಿ ದಪ್ಪ ಅಕ್ಷರದಲ್ಲಿ ಒಂದು ಪದ ಇದ್ದರಂತೂ ಬಸ್ಸಿನವರ ಕತ್ತು ಅತ್ತ ತಿರುಗಲೇಬೇಕು. ಆ ಪದ 'ಜೋಡಾಟ'.

ಆಟ ನೋಡದ ಊರಿನವರಿಗಾಗಿ ಒಂದಿಷ್ಟು ವಿವರಣೆ. ಜೋಡಾಟದಲ್ಲಿ ಒಂದೇ ಬಯಲಿನಲ್ಲಿ ಅಕ್ಕಪಕ್ಕ ಎರಡು ರಂಗಸ್ಥಳ. ಎರಡು ಮೇಳ, ಇಬ್ಬರು ಭಾಗವತರು, ಎರಡು ಚೆಂಡೆ, ಎರಡು ಮದ್ದಳೆ. ಪ್ರಸಂಗ ಮಾತ್ರ ಒಂದೇ. ಈ ಕಡೆ ಅರ್ಜುನ ಬಂದಾಗ ಆ ಕಡೆಯೂ ಅರ್ಜುನ ಬರುತ್ತಾನೆ. ಇಲ್ಲಿನವನು ಹತ್ತು ಸುತ್ತು ಮಂಡಿ ಹಾಕಿದರೆ ಅಲ್ಲಿನವನು ಹನ್ನೆರಡು ಹಾಕಬೇಕು. ಇಲ್ಲಿನ ಭಾಗವತರು ಸ್ವರ ಏರಿಸಿದರೆ ಅಲ್ಲಿನವರು ಇನ್ನೂ ಏರಿಸಬೇಕು. ತೀರ್ಪುಗಾರರೆಂದು ಯಾರೂ ಇಲ್ಲ. ಜನ ಯಾವ ರಂಗಸ್ಥಳದ ಮುಂದೆ ಹೆಚ್ಚು ಸೇರಿದರೋ ಆ ಮೇಳ ಗೆದ್ದಂತೆ. ಚಾಪೆ ಸುತ್ತಿಕೊಂಡು ಎದ್ದು ಆಚೆ ಹೋಗಿ ಕೂರುವುದೇ ಮತದಾನ.

ಇದರಲ್ಲಿ ತಮಾಷೆಯೂ ಇದೆ. ಬಯಲಿನಲ್ಲಿ ಧ್ವನಿಯ ಮೂಲದಿಂದ ದೂರ ಇಮ್ಮಡಿಯಾದರೆ ಅದರ ತೀವ್ರತೆ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ ಎಂಬುದು ಶಾಲೆಯ ಪಾಠ. ಆದ್ದರಿಂದ ಎಡಗಡೆ ಕೂತವನಿಗೆ ಎಡಗಡೆಯ ಭಾಗವತರೇ ದೊಡ್ಡವರು, ಬಲಗಡೆ ಕೂತವನಿಗೆ ಬಲಗಡೆಯವರು. ಇಬ್ಬರನ್ನೂ ಸಮನಾಗಿ ತೂಗುತ್ತೇನೆಂದು ನಟ್ಟನಡುವೆ ಕೂತ ನ್ಯಾಯವಂತನಿಗೆ ಎರಡು ಚೆಂಡೆಗಳ ಅಬ್ಬರದಲ್ಲಿ ಯಾರ ಪದ್ಯವೂ ನೆಟ್ಟಗೆ ಕೇಳುವುದಿಲ್ಲ. ಕರುಣ ರಸದ ಪದ್ಯಕ್ಕೂ ಪಕ್ಕದ ಯುದ್ಧದ ಪೆಟ್ಟು ಬೀಳುತ್ತದೆ. ಬಲ್ಲವರು 'ಜೋಡಾಟದಲ್ಲಿ ಆಟ ಎಲ್ಲಿ ಉಳಿಯಿತು?' ಎಂದು ಗೊಣಗುತ್ತಾರೆ. ಗೊಣಗಿದವರೂ ಮುಂದಿನ ಜೋಡಾಟಕ್ಕೆ ತಪ್ಪದೆ ಬರುತ್ತಾರೆ.

ಏಳು ದೇಶಗಳ ಜೋಡಾಟ

ಇಂಥದೇ ಜೋಡಾಟವೊಂದನ್ನು ಯುರೋಪಿನವರು ಟೀವಿಯಲ್ಲಿ ಆಡಿಸುತ್ತಾರೆ. ಅದರ ಹೆಸರು ಯೂರೋವಿಷನ್ ಹಾಡಿನ ಸ್ಪರ್ಧೆ. ಅಲ್ಲಿನ ಪ್ರಸಾರ ಸಂಸ್ಥೆಗಳ ಒಕ್ಕೂಟ ಇದನ್ನು 1956ರಲ್ಲಿ ಸ್ವಿಟ್ಜರ್ಲೆಂಡಿನ ಲುಗಾನೋದಲ್ಲಿ ಶುರು ಮಾಡಿತು. ಮಹಾಯುದ್ಧ ಮುಗಿದು ಆಗ 11 ವರ್ಷ. ಒಬ್ಬರ ಮೇಲೊಬ್ಬರು ಬಾಂಬು ಹಾಕಿದ್ದ ದೇಶಗಳೂ ಸೇರಿದಂತೆ ಏಳು ದೇಶಗಳು ಒಂದೇ ವೇದಿಕೆಯಲ್ಲಿ ಹಾಡಿದವು. ಗೆದ್ದದ್ದು ಆತಿಥೇಯ ಸ್ವಿಟ್ಜರ್ಲೆಂಡೇ.

ಅಲ್ಲಿಯ ನಿಯಮಗಳನ್ನು ಕೇಳಿದರೆ ನಮ್ಮ ಕಡೆಯ ಭಾಗವತರಿಗೆ ನಗು ಬರಬಹುದು. ಹಾಡು ಮೂರು ನಿಮಿಷ ಮೀರಬಾರದು. ವೇದಿಕೆಯ ಮೇಲೆ ಆರು ಜನಕ್ಕಿಂತ ಹೆಚ್ಚು ಇರಬಾರದು. ರಾತ್ರಿಯಿಡೀ ಪದ ಹೇಳಿ ಬೆಳಗಿಗೆ ಮಂಗಳ ಹಾಡುವವರಿಗೆ ಮೂರು ನಿಮಿಷ ಯಾವ ಲೆಕ್ಕ? 1975ರಿಂದ ನಡೆದು ಬಂದ ಕ್ರಮದಂತೆ ಮೆಚ್ಚಿದ ಮೊದಲ ಹಾಡಿಗೆ 12 ಅಂಕ, ಎರಡನೆಯದಕ್ಕೆ 10, ಆಮೇಲೆ 8ರಿಂದ 1ರವರೆಗೆ. ತನ್ನ ದೇಶಕ್ಕೆ ತಾನೇ ಮತ ಹಾಕುವಂತಿಲ್ಲ. ನಿಯಮವೇನೋ ಚೆನ್ನಾಗಿದೆ. ಆದರೆ ಗ್ರೀಸ್ ಸೈಪ್ರಸ್‌ಗೆ 12 ಕೊಡುವುದೂ ಸೈಪ್ರಸ್ ಗ್ರೀಸ್‌ಗೆ 12 ಕೊಡುವುದೂ ಎಷ್ಟು ಮಾಮೂಲಾಯಿತೆಂದರೆ, ಅಂಕ ಓದುವ ಮೊದಲೇ ಸಭಾಂಗಣದಲ್ಲಿ ಜನ ನಗುತ್ತಾರೆ.

ತೊಂಬತ್ತರ ದಶಕದ ಕೊನೆಗೆ ಫೋನಿನ ಮತ ಬಂದ ಮೇಲೆ ಇನ್ನೊಂದು ವಿಚಿತ್ರ ಕಂಡಿತು. ದುಡಿಯಲು ಜರ್ಮನಿಗೆ ಹೋಗಿ ನೆಲೆಸಿದ ತುರ್ಕಿಯವರು ಅಲ್ಲಿಂದಲೇ ತವರಿಗೆ ಮತ ಹಾಕಿದರು. ಜರ್ಮನಿಯ ದೊಡ್ಡ ಅಂಕ ಮತ್ತೆ ಮತ್ತೆ ತುರ್ಕಿಗೆ ಹೋಯಿತು. ಇದು ಭಟ್ಕಳದವರಿಗೆ ಬಿಡಿಸಿ ಹೇಳಬೇಕಾದ ಮಾತಲ್ಲ. ಮನೆಯ ಒಬ್ಬರಾದರೂ ಗಲ್ಫಿನಲ್ಲಿರುವ ಊರದು. ದುಬೈಯಲ್ಲಿ ಎಷ್ಟು ವರ್ಷ ಕಳೆದರೂ ಕಿವಿ ಹುಡುಕುವುದು ಊರಿನ ಮಾತನ್ನೇ.

ಅಂಕದ ಲೆಕ್ಕ ಕೈಕೊಟ್ಟದ್ದೂ ಉಂಟು. 1969ರಲ್ಲಿ ಮ್ಯಾಡ್ರಿಡ್‌ನಲ್ಲಿ ನಾಲ್ಕು ದೇಶಗಳಿಗೆ ಸರಿಸಮ ಅಂಕ ಬಂತು. ಸಮ ಬಂದರೆ ಏನು ಮಾಡಬೇಕೆಂಬ ನಿಯಮವನ್ನೇ ಯಾರೂ ಬರೆದಿರಲಿಲ್ಲ. ನಾಲ್ವರನ್ನೂ ವಿಜೇತರೆಂದು ಸಾರಿದರು. 1974ರಲ್ಲಿ ಸ್ವೀಡನ್ನಿನ ಅಬ್ಬಾ ತಂಡ ಗೆದ್ದು ಜಗತ್ಪ್ರಸಿದ್ಧವಾಯಿತು. ಆತಿಥೇಯ ಬ್ರಿಟನ್ನಿನ ತೀರ್ಪುಗಾರರು ಆ ಹಾಡಿಗೆ ಕೊಟ್ಟದ್ದು ಸೊನ್ನೆ. ಇನ್ನೂ ಸ್ವಾರಸ್ಯದ ಸಂಗತಿ 1958ರದು. ಇಟಲಿಯ ದೊಮೆನಿಕೊ ಮೊದುಞೋ ಹಾಡಿದ 'ವೊಲಾರೆ' ಆ ವರ್ಷ ಮೂರನೆಯ ಸ್ಥಾನಕ್ಕೆ ಇಳಿಯಿತು. ಮರುವರ್ಷ ಅಮೆರಿಕದಲ್ಲಿ ಮೊಟ್ಟಮೊದಲ ಗ್ರ್ಯಾಮಿ ಪ್ರಶಸ್ತಿಗಳನ್ನು ಕೊಟ್ಟಾಗ ವರ್ಷದ ಹಾಡೆಂಬ ಗೌರವ ಅದಕ್ಕೇ ಸಂದಿತು. ಜಗತ್ತು ಇವತ್ತಿಗೂ ಅದನ್ನು ಗುನುಗುತ್ತದೆ. 1958ರಲ್ಲಿ ಮೊದಲು ಬಂದ ಹಾಡು ಯಾವುದೆಂದು ಕೇಳಿದರೆ ಪುಸ್ತಕ ತೆರೆಯಬೇಕು.

ಇಷ್ಟೆಲ್ಲ ಆದರೂ 2025ರ ಸ್ಪರ್ಧೆಯನ್ನು 16 ಕೋಟಿಗೂ ಹೆಚ್ಚು ಜನ ನೋಡಿದರೆಂದು ಸಂಘಟಕರು ಹೇಳುತ್ತಾರೆ. ಜೋಡಾಟಕ್ಕೆ ಬೈಯುತ್ತ ಚಾಪೆ ಹಿಡಿದು ಹೊರಡುವವರ ಬಳಗ ಅಲ್ಲಿಯೂ ದೊಡ್ಡದೇ.

ಊರಿನ ಹುಡುಗ, ಊರಿನ ಮತ

ನಮ್ಮ ದೇಶದಲ್ಲಿ ಟೀವಿಯ ಹಾಡಿನ ಸ್ಪರ್ಧೆ ಮನೆಮಾತಾದದ್ದು 1995ರಲ್ಲಿ ಹಿಂದಿಯ 'ಸಾ ರೆ ಗ ಮ' ಶುರುವಾದ ಮೇಲೆ. ಕನ್ನಡದಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ 'ಎದೆ ತುಂಬಿ ಹಾಡುವೆನು' ಬಂತು. ಮಕ್ಕಳು ತಪ್ಪಿದಲ್ಲಿ ಅವರು ನಗುತ್ತ ತಿದ್ದುತ್ತಿದ್ದರು. ತಿದ್ದಿದ್ದನ್ನು ತಾವೇ ಹಾಡಿ ತೋರಿಸುತ್ತಿದ್ದರು. ಅನೇಕ ಮನೆಗಳಲ್ಲಿ ಅದು ಸ್ಪರ್ಧೆಗಿಂತ ಹೆಚ್ಚಾಗಿ ಪಾಠವಾಗಿತ್ತು. ಆಮೇಲೆ ಬಂದ 'ಸರಿಗಮಪ'ದಲ್ಲಿ 2019ರಲ್ಲಿ ಎರಡನೆಯ ಸ್ಥಾನ ಪಡೆದ ಹಾವೇರಿ ಜಿಲ್ಲೆಯ ಹನುಮಂತ ಲಮಾಣಿ ಕುರಿ ಕಾಯುತ್ತ ಹಾಡು ಕಲಿತವರು. ಗೆಲ್ಲದಿದ್ದರೂ ಅವರ ಹೆಸರು ನಾಡಿಗೆಲ್ಲ ಗೊತ್ತು.

ಸ್ಪರ್ಧೆಯ ಬಿಸಿ ಹಾಡನ್ನು ದಾಟಿ ಹೋಗುವುದೂ ಇದೆ. 2007ರ 'ಇಂಡಿಯನ್ ಐಡಲ್' ಅಂತಿಮ ಸುತ್ತಿನಲ್ಲಿ ಉಳಿದವರು ಇಬ್ಬರು. ಒಬ್ಬರು ಕೋಲ್ಕತ್ತ ಪೊಲೀಸ್ ಪಡೆಯಲ್ಲಿದ್ದ ಡಾರ್ಜಿಲಿಂಗಿನ ಪ್ರಶಾಂತ್ ತಮಾಂಗ್, ಇನ್ನೊಬ್ಬರು ಶಿಲ್ಲಾಂಗಿನ ಅಮಿತ್ ಪಾಲ್. ಗುಡ್ಡಗಾಡಿನ ಎರಡು ಊರುಗಳು ಮೊಬೈಲ್ ಹಿಡಿದು ರಾತ್ರಿ ಹಗಲು ಮತ ಹಾಕಿದವು. ತಮಾಂಗ್ ಗೆದ್ದರು. ಕೆಲವೇ ದಿನಗಳಲ್ಲಿ ರೇಡಿಯೋದಲ್ಲಿ ಯಾರೋ ಆಡಿದ ಹಗುರ ಮಾತಿನಿಂದ ಸಿಲಿಗುರಿಯಲ್ಲಿ ಗಲಭೆಯಾಗಿ ಕರ್ಫ್ಯೂ ಹಾಕಬೇಕಾಯಿತು. ಅತ್ತ ಮೇಘಾಲಯದಲ್ಲಿ ಬೇರೆ ಬೇರೆ ಸಮುದಾಯದವರು ಸೋತ ಹುಡುಗನಿಗಾಗಿ ಒಂದಾಗಿದ್ದರು. ಅಲ್ಲಿನ ಸರ್ಕಾರ ಅವರನ್ನು ಸೌಹಾರ್ದದ ರಾಯಭಾರಿಯನ್ನಾಗಿ ಮಾಡಿತು. ಒಂದೇ ಸ್ಪರ್ಧೆ ಒಂದು ಕಡೆ ಜನರನ್ನು ಕೂಡಿಸಿತು, ಇನ್ನೊಂದು ಕಡೆ ಕಲ್ಲು ಎತ್ತಿಸಿತು. ಎರಡಕ್ಕೂ ಕಾರಣ ಹಾಡಿನ ಗುಣವಲ್ಲ. 'ನಮ್ಮೂರನ್ನೂ ಯಾರಾದರೂ ಗುರುತಿಸಲಿ' ಎಂಬ ಹಸಿವು ಅದು. ಸ್ಪರ್ಧೆಯ ಆಕರ್ಷಣೆಯ ಗುಟ್ಟು ಇರುವುದೂ ಅಲ್ಲೇ.

ಶರಾವತಿಯ ಎರಡು ದಡ

ಬಸ್ಸು ಮಂಕಿ ದಾಟಿ ಗುಣವಂತೆಗೆ ಬಂತೆಂದರೆ ಕೆರೆಮನೆಯವರ ನೆನಪಾಗಬೇಕು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದ ನೆಲೆ ಇದು. ಅವರ ಮಗ ಶಂಭು ಹೆಗಡೆಯವರು ಇಲ್ಲಿ ಯಕ್ಷಗಾನ ಕಲಿಸುವ ಕೇಂದ್ರ ನಡೆಸಿದರು. 2009ರ ಫೆಬ್ರುವರಿಯಲ್ಲಿ ಇಡಗುಂಜಿಯ ಆಟದ ಹೊತ್ತಿನಲ್ಲೇ ಅಸ್ವಸ್ಥರಾಗಿ ತೀರಿಕೊಂಡರು. ಇದೇ ಹೊನ್ನಾವರ ತಾಲ್ಲೂಕಿನವರೇ ಆದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು 2012ರಲ್ಲಿ ಪದ್ಮಶ್ರೀ ಪಡೆದು 2017ರಲ್ಲಿ ನಿಧನರಾದರು. ಶಂಭು ಹೆಗಡೆಯವರದು ಅಳೆದು ತೂಗಿದ ಅಭಿನಯ. ಚಿಟ್ಟಾಣಿಯವರದು ಕಣ್ಣು ಕೀಳಲಾಗದ ಕುಣಿತ. 'ಯಾರು ದೊಡ್ಡವರು?' ಎಂಬ ವಾದ ಈ ಸೀಮೆಯ ಚಹಾದಂಗಡಿಗಳಲ್ಲಿ ದಶಕಗಳ ಕಾಲ ನಡೆಯಿತು. ಇಬ್ಬರೂ ಹೋದ ಮೇಲೂ ನಿಂತಿಲ್ಲ. ಅಂಕ ಕೊಟ್ಟು ಅದನ್ನು ಮುಗಿಸಲು ಯಾರೂ ಮುಂದಾಗಲಿಲ್ಲ. ವಾದ ಮಾಡುತ್ತ ಮಾಡುತ್ತಲೇ ಜನ ಅಭಿನಯವೆಂದರೇನು, ಕುಣಿತವೆಂದರೇನು ಎಂಬುದನ್ನು ಕಲಿತರು.

ಹೊನ್ನಾವರಕ್ಕೆ ಕಾಲಿಡುವ ಮುನ್ನ ಶರಾವತಿಯ ಮೇಲೆ ಕೊಂಕಣ ರೈಲಿನ ಸೇತುವೆ ಕಾಣುತ್ತದೆ. ಎರಡು ಕಿಲೋಮೀಟರಿಗೂ ಮೀರಿದ ಇದು ಆ ಮಾರ್ಗದಲ್ಲೇ ಅತಿ ಉದ್ದದ್ದು. ಯಾರು ಅಳೆದರೂ ಉದ್ದ ಅಷ್ಟೇ ಬರುತ್ತದೆ. ಸ್ವರದ ಕಂಪನವನ್ನೂ ಹೀಗೆ ಅಳೆಯಬಹುದು. ಭಾಗವತರ ಶ್ರುತಿ ಸೆಕೆಂಡಿಗೆ 240 ಕಂಪನವೋ 244 ಕಂಪನವೋ ಎಂದು ಇಂದು ಕೈಯಲ್ಲಿರುವ ಫೋನೇ ಹೇಳುತ್ತದೆ. ಶ್ರುತಿ ತಪ್ಪಿದ್ದನ್ನು ತೋರಿಸಬಹುದು, ತಾಳ ಜಾರಿದ್ದನ್ನು ತೋರಿಸಬಹುದು. ಆದರೆ ಅದೇ ಶ್ರುತಿಯಲ್ಲಿ, ಅದೇ ತಾಳದಲ್ಲಿ ಹಾಡಿದ ಇಬ್ಬರಲ್ಲಿ ಒಬ್ಬರ ಪದ್ಯಕ್ಕೆ ಮಾತ್ರ ಕಣ್ಣು ತೇವವಾಗುವುದೇಕೆ? ಅದಕ್ಕೆ ಅಳತೆಗೋಲು ಸಿಕ್ಕಿಲ್ಲ. ಅಂಕ ಕೊಡುವವರು ಅಳೆಯಬಲ್ಲದ್ದನ್ನು ಅಳೆದು, ಉಳಿದದ್ದನ್ನು ಊಹಿಸಿ, ಎರಡನ್ನೂ ಒಟ್ಟು ಕೂಡಿಸಿ ಒಂದು ಸಂಖ್ಯೆ ಬರೆಯುತ್ತಾರೆ. ಸಂಖ್ಯೆ ಬರೆದ ಮೇಲೆ ಊಹೆಯೂ ಅಳತೆಯಂತೆಯೇ ಕಾಣುತ್ತದೆ.

ಕುಮಟೆಗೆ ಕೆಲವೇ ಕಿಲೋಮೀಟರು ಮೊದಲು ಧಾರೇಶ್ವರ. ಈ ಊರ ಹೆಸರನ್ನೇ ತಮ್ಮ ಹೆಸರಿನಲ್ಲಿ ಹೊತ್ತ ಭಾಗವತ ಸುಬ್ರಹ್ಮಣ್ಯ ಧಾರೇಶ್ವರರು 2024ರಲ್ಲಿ ತೀರಿಕೊಂಡಾಗ ಅವರ ಪದಗಳು ಎಷ್ಟೋ ಮನೆಗಳಲ್ಲಿ, ರಿಕ್ಷಾಗಳಲ್ಲಿ ಕೇಳಿಸಿದವು. ಕುಮಟೆಯ ಆಚೆ, ಅಂಕೋಲೆಯ ಬಡಿಗೇರಿಯ ಸುಕ್ರಿ ಬೊಮ್ಮಗೌಡರು ಹಾಲಕ್ಕಿ ಒಕ್ಕಲಿಗರ ಹಾಡುಗಳ ಕಣಜವೇ ಆಗಿದ್ದರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. 2025ರಲ್ಲಿ ಅವರು ನಿಧನರಾದರು. ಅವರ ಹಾಡುಗಳು ನಾಟಿಯ ಗದ್ದೆಯಲ್ಲಿ, ಮದುವೆಯ ಚಪ್ಪರದಲ್ಲಿ ಹುಟ್ಟಿದವು. ಗದ್ದೆಯಲ್ಲಿ ಒಬ್ಬಳು ಎತ್ತಿಕೊಂಡ ಸೊಲ್ಲನ್ನು ಉಳಿದವರು ಮುಂದುವರಿಸಬೇಕು. ಮುಂದಿನವಳನ್ನು ಸೋಲಿಸಿದರೆ ಹಾಡೇ ನಿಂತುಹೋಗುತ್ತದೆ.

ಕ್ಲಸ್ಟರ್ ಮಟ್ಟದ ಕಣ್ಣೀರು

ಹಾಗೆಂದು ಸ್ಪರ್ಧೆಯೇ ಬೇಡವೆನ್ನಲಾದೀತೆ? ಈ ಮೂರೂ ತಾಲ್ಲೂಕುಗಳ ಶಾಲೆಗಳಲ್ಲಿ, ನಾಡಿನ ಎಲ್ಲ ಕಡೆಯಂತೆ, ವರ್ಷಕ್ಕೊಮ್ಮೆ ಪ್ರತಿಭಾ ಕಾರಂಜಿ ನಡೆಯುತ್ತದೆ. ಕ್ಲಸ್ಟರ್, ತಾಲ್ಲೂಕು, ಜಿಲ್ಲೆ, ರಾಜ್ಯ ಎಂದು ಮೆಟ್ಟಿಲುಗಳು. ಸ್ಪರ್ಧೆ ಇದೆಯೆಂದೇ ಎಷ್ಟೋ ಮಕ್ಕಳು ಮೊದಲ ಬಾರಿಗೆ ಒಂದು ಜಾನಪದ ಗೀತೆಯನ್ನು ಪೂರ್ತಿ ಬಾಯಿಪಾಠ ಮಾಡುತ್ತಾರೆ. ಅಜ್ಜಿಯ ಬಳಿ ಕೂತು ಹಳೆಯ ಹಾಡೊಂದನ್ನು ಕೇಳಿ ಬರೆದುಕೊಳ್ಳುತ್ತಾರೆ. ಇದು ಸಣ್ಣ ಲಾಭವಲ್ಲ.

ಆದರೆ ಸಂಜೆ ಫಲಿತಾಂಶ ಓದಿದ ಮೇಲೆ ಒಮ್ಮೆ ಆ ಶಾಲೆಯ ಜಗಲಿಯನ್ನು ನೋಡಬೇಕು. ಮುಂದಿನ ಮೆಟ್ಟಿಲಿಗೆ ಹೋಗುವುದು ಪ್ರಥಮ ಬಂದವರು. ಉಳಿದವರಲ್ಲಿ ಕೆಲವರು ಕಂಬಕ್ಕೆ ಆತು ಅಳುತ್ತಾರೆ. ಬೆಳಿಗ್ಗೆ ಎದೆ ತುಂಬಿ ಹಾಡಿದ ಹಾಡು ಸಂಜೆಗೆ ಬೇಡವಾಗುತ್ತದೆ. ಕೆಲವು ಮಕ್ಕಳು ಮರುವರ್ಷ ಹೆಸರು ಕೊಡುವುದೇ ಇಲ್ಲ. ಅಂಕ ಹಾಡನ್ನು ಕೊಂದಿತೆಂದರೆ ಹೀಗೆ. ಕೊಂದದ್ದು ತೀರ್ಪುಗಾರರೇ ಆಗಬೇಕೆಂದಿಲ್ಲ. ಬಹಳ ಸಲ ಅದು ಮನೆಯ ಬಾಗಿಲಿನಲ್ಲಿ ನಡೆಯುತ್ತದೆ. ಮಗು ಚಪ್ಪಲಿ ಬಿಡುವ ಮೊದಲೇ ಕೇಳುವ ಪ್ರಶ್ನೆ, 'ಎಷ್ಟನೇ ನಂಬರ್ ಬಂತು?'

'ಯಾವ ಪದ ಹೇಳಿದೆ ತಂಗಿ, ಒಂದ್ಸಲ ಹೇಳು ಕೇಳ್ವಾ' ಎಂದು ಆಯಿಯೋ ಅಪ್ಪನೋ ಕೇಳಿದರೆ ಫಲಿತಾಂಶ ಬದಲಾಗುವುದಿಲ್ಲ. ಅದೇ ಹಾಡು ಮಾತ್ರ ಆ ರಾತ್ರಿ ಮನೆಯಲ್ಲಿ ಇನ್ನೊಮ್ಮೆ ಕೇಳಿಸುತ್ತದೆ.

ಕುಮಟೆಯ ಮಣಕಿ ಮೈದಾನದಂಥ ಬಯಲಿನಲ್ಲಿ ಆಟ ಮುಗಿದ ಹೊತ್ತಿನಲ್ಲಿ ನಿಂತರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಜೋಡಾಟವಾಗಿದ್ದರೆ ಎರಡೂ ಕಡೆಯವರು ತಾವೇ ಗೆದ್ದೆವೆಂದು ಹೇಳಿಕೊಳ್ಳುತ್ತಿರುತ್ತಾರೆ. ಚಾಪೆ ಕೊಡವುತ್ತ, ನಿದ್ದೆಗಣ್ಣಿನಲ್ಲಿ ಜಗಳವಾಡುತ್ತ ಜನ ಬಸ್ ನಿಲ್ದಾಣದ ಕಡೆ ನಡೆಯುತ್ತಾರೆ. ಮೊದಲ ಬಸ್ಸು ಹೊನ್ನಾವರಕ್ಕೆ ಹೊರಡುವಷ್ಟರಲ್ಲಿ ವಾದ ತಣ್ಣಗಾಗಿರುತ್ತದೆ. ಕಿಟಕಿಯ ಬಳಿ ಕೂತವರೊಬ್ಬರು ರಾತ್ರಿ ಕೇಳಿದ ಪದ್ಯವನ್ನು ಮೆಲ್ಲಗೆ ಗುನುಗತೊಡಗುತ್ತಾರೆ. ಅದು ಎಡಗಡೆಯ ಭಾಗವತರದೋ ಬಲಗಡೆಯವರದೋ ಎಂದು ಆ ಹೊತ್ತಿನಲ್ಲಿ ಪಕ್ಕದವರು ಕೇಳುವುದಿಲ್ಲ.