ಒಂದೇ ಬೇಸಿಗೆಯ ಕೊಂಬಾನೆ

ಕೇರಳಕ್ಕೆ ಐಪಿಎಲ್ ಕ್ರಿಕೆಟಿನಲ್ಲಿ ಒಂದು ತಂಡ ಇತ್ತು ಅಂದರೆ ಈಗಿನ ಮಕ್ಕಳು ನಂಬುವುದಿಲ್ಲ. ಕೊಚ್ಚಿ ಟಸ್ಕರ್ಸ್ ಕೇರಳ ಅಂತ ಹೆಸರು. ಟಸ್ಕರ್ ಅಂದರೆ ಕೊಂಬಾನೆ. ಮೊದಲು ಇಂಡಿ ಕಮಾಂಡೋಸ್ ಅಂತ ಇಟ್ಟಿದ್ದರು, ಜನ ನಗಾಡಿದ ಮೇಲೆ ಬದಲಿಸಿದರು. 2011ರ ಒಂದು ಬೇಸಿಗೆ ಆಡಿತು, ಆ ವರ್ಷದ ಸೆಪ್ಟೆಂಬರಿನಲ್ಲಿ ಇಲ್ಲದಾಯಿತು.

ಅದರ ಮೊದಲ ಆಟವೇ ನಮ್ಮಂಥವರಿಗೆ ಪರೀಕ್ಷೆ. ಏಪ್ರಿಲ್ 9, ಕೊಚ್ಚಿಯಲ್ಲಿ, ಎದುರಾಳಿ ರಾಯಲ್ ಚಾಲೆಂಜರ್ಸ್ ಬೆಂಗಳೂರು! 1956ರಿಂದ ನಮ್ಮ ರೇಶನ್ ಕಾರ್ಡು ಕೇರಳದ್ದು, ಮನೆಯ ಮಾತು ಕನ್ನಡ, ತುಳು. ಈಗ ಯಾರಿಗೆ ಚಪ್ಪಾಳೆ ಹೊಡೆಯುವುದು? ವಿಧಾನಸಭೆ ಚುನಾವಣೆಗೆ ನಾಲ್ಕೇ ದಿನ ಬಾಕಿ. ಪೇಟೆಯ ಅಂಗಡಿಯ ಟೀವಿ ಮುಂದೆ ಒಬ್ಬ ಹುಡುಗ, "ಮಾವಾ, ನಿಮ್ಮದು ಯಾವ ಪಾರ್ಟಿ?" ಅಂತ ಕೇಳಿದ. "ಬ್ಯಾಟು ಹಿಡಿದವನ ಪಾರ್ಟಿ" ಅಂದೆ. ಬೆಂಗಳೂರು ಆರು ವಿಕೆಟಿನಿಂದ ಗೆದ್ದಿತು. ನನಗೆ ಖುಷಿಯೂ ಆಯಿತು, ಪಕ್ಕದಲ್ಲಿದ್ದ ಮಲಯಾಳಿ ಗೆಳೆಯನ ಮುಖ ನೋಡಿ ಬೇಜಾರೂ ಆಯಿತು.

ಸರಿಯಾಗಿ ನೋಡಿದರೆ ಎರಡು ಕಡೆಯಲ್ಲೂ ನಮ್ಮವರು ಇದ್ದರು. ಬೆಂಗಳೂರಿನ ಮಾರ್ಗದರ್ಶಕರಾಗಿದ್ದ ಅನಿಲ್ ಕುಂಬ್ಳೆಯವರ ಮೂಲ ನಮ್ಮ ಕುಂಬಳೆ. ಕೊಚ್ಚಿಗೆ ಬೌಲಿಂಗ್ ಮಾಡಿದ ವಿನಯ್ ಕುಮಾರ್ ದಾವಣಗೆರೆಯವರು. ನಾಯಕ ಜಯವರ್ಧನೆ, ಸ್ಪಿನ್ನರ್ ಮುರಳೀಧರನ್ ಇಬ್ಬರೂ ಲಂಕೆಯಿಂದ ಬಂದವರು. ಹಾಗಾದರೆ ಊರಿನ ತಂಡ ಅನ್ನುವುದು ಎಲ್ಲಿಂದ ಬಂತು? ಹೆಸರಿನಿಂದ, ಅಷ್ಟೆ. ಆದರೂ ಆ ಹೆಸರಿಗೆ ಜನ ಮರುಳಾದರು.

ಏಪ್ರಿಲ್ 15ಕ್ಕೆ ಮುಂಬಯಿಯಲ್ಲಿ ಸಚಿನ್ ತೆಂಡೂಲ್ಕರ್ ನೂರು ಹೊಡೆದರೂ ಕೊಚ್ಚಿ ಎಂಟು ವಿಕೆಟಿನಿಂದ ಗೆದ್ದಿತು. ಅಂದು ಮಾತ್ರ ನಾನು ಪೂರ್ತಿ ಕೊಚ್ಚಿಯವನು. ಮೇ 8ಕ್ಕೆ ಬೆಂಗಳೂರಿನಲ್ಲಿ ಕ್ರಿಸ್ ಗೇಲ್, ಕೇರಳದ ಹುಡುಗ ಪ್ರಶಾಂತ್ ಪರಮೇಶ್ವರನ್ನನ ಒಂದೇ ಓವರಿನಲ್ಲಿ 37 ರನ್ ಬಾರಿಸಿದ. ಬೆಂಗಳೂರಿಗೆ ಕೂಗಬೇಕಾದವನಿಗೆ ಆ ಹುಡುಗನನ್ನು ಕಂಡು ಗಂಟಲು ಕಟ್ಟಿತು. ಹದಿನಾಲ್ಕು ಆಟದಲ್ಲಿ ಆರು ಗೆದ್ದು, ಹತ್ತು ತಂಡಗಳಲ್ಲಿ ಎಂಟನೆಯದಾಗಿ ಕೊಚ್ಚಿ ಮುಗಿಸಿತು. ಹೊಸಬರಿಗೆ ಇದೇನು ಕಳಪೆ ಅಲ್ಲ.

ತಂಡವನ್ನು ಮುಗಿಸಿದ್ದು ಆಟ ಅಲ್ಲ, ದುಡ್ಡು. 2010ರಲ್ಲಿ ಹಲವರು ಪಾಲುದಾರರು ಸೇರಿ 1533 ಕೋಟಿ ರೂಪಾಯಿಗೆ ಅದನ್ನು ಹಿಡಿದಿದ್ದರು. ಆ ಪಾಲಿನ ಗಲಾಟೆಯಲ್ಲಿ ಒಬ್ಬ ಕೇಂದ್ರ ಮಂತ್ರಿಯ ಪದವಿಯೂ ಹೋಯಿತು. ವರ್ಷವರ್ಷ ಕೊಡಬೇಕಾದ ಬ್ಯಾಂಕ್ ಗ್ಯಾರಂಟಿ ಕೊಡಲಿಲ್ಲವೆಂದು ಕ್ರಿಕೆಟ್ ಮಂಡಳಿ ತಂಡವನ್ನೇ ರದ್ದು ಮಾಡಿತು. ವಿನಯ್ ಕುಮಾರ್ ಮರುವರ್ಷ ಬೆಂಗಳೂರಿಗೆ ಹೋದರು, ಜಡೇಜ ಚೆನ್ನೈಗೆ. ಹತ್ತು ವರ್ಷ ಕಳೆದು, 2021ರಲ್ಲಿ, ಆಸ್ಟ್ರೇಲಿಯದ ಬ್ರಾಡ್ ಹಾಡ್ಜ್ ಬಹಿರಂಗವಾಗಿಯೇ ಹೇಳಿದರು: ಕೊಚ್ಚಿಗೆ ಆಡಿದವರಿಗೆ ನೂರಕ್ಕೆ 35ರಷ್ಟು ಹಣ ಇನ್ನೂ ಬಂದಿಲ್ಲ ಅಂತ.

ಇದನ್ನು ಓದಿದಾಗ ನನಗೆ ಮೇಳದ ಕಲಾವಿದರ ನೆನಪಾಯಿತು. ಪತ್ತನಾಜೆಗೆ ಗೆಜ್ಜೆ ಬಿಚ್ಚುವ ಹೊತ್ತಿಗೆ ಸಂಬಳ ಕೈಗೆ ಬಾರದಿದ್ದರೆ ಮಳೆಗಾಲ ಪೂರ್ತಿ ಅಂಗಡಿಯ ಸಾಲ. ನನಗೂ ಒಂದು ಕಡೆ ರಾತ್ರಿಯಿಡೀ ಪಾಡ್ದನ ಹಾಡಿಸಿ, "ನಾಳೆ ಕೊಡುವ" ಅಂದರು. ಆ ನಾಳೆ ಇನ್ನೂ ಬಂದಿಲ್ಲ. ನನಗೆ ತೋಟ ಉಂಟು, ನಾಲ್ಕು ಅಡಕೆ ಬೀಳುತ್ತದೆ. ಹಾಡ್ಜ್ ಅವರಿಗೂ ಗಂಜಿಗೆ ಕೊರತೆ ಇರಲಿಕ್ಕಿಲ್ಲ. ಆದರೆ ಬೆವರಿಳಿಸಿದವನ ಕೂಲಿ ಕೂಲಿಯೇ ಅಲ್ಲವಾ ಮಾರಾಯ್ರೆ?

ಅಂದ ಹಾಗೆ, ಅದೇ 2021ರಲ್ಲಿ ನಮ್ಮ ಕಾಸರಗೋಡು ತಳಂಗರೆಯ ಮೊಹಮ್ಮದ್ ಅಜರುದ್ದೀನ್ ಅವರನ್ನು ಹರಾಜಿನಲ್ಲಿ ತೆಗೆದುಕೊಂಡದ್ದು ಬೆಂಗಳೂರು ತಂಡ. ಕೊಚ್ಚಿ ಇದ್ದಿದ್ದರೆ ಅವರು ಕೊಚ್ಚಿಗೇ ಆಡುತ್ತಿದ್ದರೋ ಏನೋ.

ಮಾಲೀಕರು ಸುಮ್ಮನೆ ಕೂರಲಿಲ್ಲ, ವ್ಯಾಜ್ಯ ಹೂಡಿದರು. 2025ರ ಜೂನಿನಲ್ಲಿ ಬೊಂಬಾಯಿ ಹೈಕೋರ್ಟು ಅವರ ಪರವಾಗಿ ತೀರ್ಪು ಕೊಟ್ಟಿತು. ಮಂಡಳಿ ಅವರಿಗೆ ಕೊಡಬೇಕಾದದ್ದು ಒಟ್ಟು 538 ಕೋಟಿ. ವಾಚನಾಲಯದಲ್ಲಿ ಆ ಸುದ್ದಿಯನ್ನು ಎರಡು ಸಲ ಓದಿದೆ. ಆಡಿದವರ ಬಾಕಿಯ ಮಾತು ಅದರಲ್ಲಿ ನನ್ನ ಕಣ್ಣಿಗೆ ಬೀಳಲಿಲ್ಲ.